ಹೆಣ ದಾಟುವ ದಂಡು

ಹೆಗಲಿಗೆ ಕಟ್ಟಿದ ಪುಕ್ಕಗಳು ಕಾಗೆಯವಲ್ಲ, ಕೋಳಿಯವು ಎಂದು ಪರಶುರಾಮನಿಗೆ ಮೂಗಿನಿಂದಲೇ ಗೊತ್ತಾಗಿತ್ತು. ಘಟಪ್ರಭಾದ ಚಿಕನ್ ಅಂಗಡಿಗಳಿಂದ ಚೀಲಗಟ್ಟಲೆ ತಂದು, ತೊಳೆದೂ ತೊಳೆಯದಂತೆ ಕರೀ ಬಣ್ಣದಲ್ಲಿ ಅದ್ದಿ, ರೆಕ್ಸಿನ್ನಿನ ಪಟ್ಟಿಗೆ ಅಂಟಿಸಿದ್ದರು. ಬಿಸಿಲು ಏರಿದ ಹಾಗೆ ಬಣ್ಣದ ಕೆಳಗಿನಿಂದ ಸತ್ತ ಕೋಳಿಯ ವಾಸನೆ ಎದ್ದು ಬಂದು ಅವನ ಕಿವಿಯ ಹತ್ತಿರವೇ ನಿಂತುಬಿಟ್ಟಿತ್ತು. ಎಲ್ಲರ ಮೈಯೂ ಹಾಗೇ ನಾರುತ್ತಿದ್ದುದರಿಂದ ಯಾರೂ ಯಾರಿಗೂ ಏನೂ ಅನ್ನುವಂತಿರಲಿಲ್ಲ. ಧುಪದಾಳದ ಒಡ್ಡಿನ ಕೆಳಗೆ ಹೊಳೆ ಬತ್ತಿ ಬರೀ ಬಂಡೆ ಉಳಿದಿತ್ತು. ಬಂಡೆಗಳ ಆಚೆ ಪ್ಲೈವುಡ್ಡು, ಥರ್ಮಾಕೋಲುಗಳ ಒಂದು ಕೋಟೆ. ಮುಂದಿನಿಂದ ನೋಡಿದರೆ ಕೋಟೆ, ಹಿಂದಕ್ಕೆ ಹೋದರೆ ಬಿದಿರಿನ ಗಳ. ಯಾವ ದೇಶದಲ್ಲೂ ಇಲ್ಲದ, ಯಾವ ಕಾಲಕ್ಕೂ ಸೇರದ ಒಂದು ರಾಜ್ಯವಂತೆ ಅದು. ಅದರ ಆಕಾಶದಲ್ಲಿ ಹಾವುಗಳು ಹಾರುತ್ತವಂತೆ, ಅವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರಂತೆ. ಮನುಷ್ಯರನ್ನು ಮಾತ್ರ ಕಂಪ್ಯೂಟರಿನಲ್ಲಿ ಮಾಡುವುದಕ್ಕಿಂತ ಟೆಂಪೋದಲ್ಲಿ ತುಂಬಿಕೊಂಡು ಬರುವುದೇ ಸೋವಿ ಎಂದು ಹತ್ತರಗಿಯ ಸತ್ಯಪ್ಪ ದಾರಿಯುದ್ದಕ್ಕೂ ನಗುತ್ತ ಹೇಳಿದ್ದ. ಕಬ್ಬಿನ ಕಾಲದಲ್ಲಿ ಕಡಿಯುವ ಗ್ಯಾಂಗುಗಳನ್ನು ಫ್ಯಾಕ್ಟರಿಗೆ ಒದಗಿಸುವವನೂ ಅವನೇ, ಈಗ ಸಿನಿಮಾದವರಿಗೆ ದಂಡು ಒದಗಿಸಿದವನೂ ಅವನೇ.

ಬೆಳಿಗ್ಗೆ ಟೆಂಪೋದಿಂದ ಇಳಿದ ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಡೈರೆಕ್ಟರು ಕೊಡೆಯ ಕೆಳಗಿನಿಂದ ಹೊರಗೆ ಬರಲಿಲ್ಲ. ಅಲ್ಲಿಂದಲೇ ಬೆರಳು ಆಡಿಸುತ್ತ ಹೋದ, ಆ ಕಡೆ, ಈ ಕಡೆ. ಮೈಬಣ್ಣ ತುಸು ತಿಳಿಯಾಗಿದ್ದವರು ಆ ಕಡೆ ಹೋಗಿ ರಾಜನ ಸೈನ್ಯವಾದರು, ಅವರಿಗೆ ಬಂಗಾರದ ಬಣ್ಣದ ಎದೆಗವಚ. ಕಪ್ಪಗಿದ್ದವರು ಈ ಕಡೆ. ಇಂಥ ಸಾಲುಗಳಲ್ಲಿ ತಾನು ಯಾವ ಕಡೆ ಹೋಗಿ ನಿಲ್ಲಬೇಕೆಂಬುದು ಪರಶುರಾಮನ ಕಾಲುಗಳಿಗೇ ಗೊತ್ತಿತ್ತು, ಬೆರಳು ಅವನ ತನಕ ಬರುವ ಮೊದಲೇ ಅವು ಹೊರಟಿದ್ದವು. ಅದು ತಿಳಿದಾಗ ಬೇಕೆಂದೇ ಗಕ್ಕನೆ ನಿಂತು, ಬೆರಳು ತನ್ನನ್ನು ತೋರಿಸುವವರೆಗೂ ಕಾದಿದ್ದ. ಅಷ್ಟು ಕಪ್ಪು ಸಾಲದೆಂದು ಮೇಲೆ ಮತ್ತೆ ಮಸಿ ಬಳಿದರು. ವಾಕಿಟಾಕಿ ಹಿಡಿದ ಅನುರಾಧಾ ಎಂಬ ಹುಡುಗಿ, ಬೆಂಗಳೂರಿನವಳು, ಎತ್ತರದ ಕಲ್ಲು ಹತ್ತಿ ವಿವರಿಸಿದಳು.

"ನೀವು ಕಾಗೆಪಡೆ. ಕೂಲಿ ಸೈನಿಕರು. ನಿಮಗೆ ಊರಿಲ್ಲ, ರಾಜ ಇಲ್ಲ, ದೇವರಿಲ್ಲ. ಯಾರು ಹಣ ಕೊಡ್ತಾರೋ ಅವರ ಪರ ಯುದ್ಧ ಮಾಡ್ತೀರಿ. ಯುದ್ಧ ಮಾಡೋದೇ ನಿಮ್ಮ ಕಸುಬು. ದಯೆ ಅಂದ್ರೆ ಏನು ಅಂತಾನೇ ನಿಮಗೆ ಗೊತ್ತಿಲ್ಲ. ಅರ್ಥ ಆಯ್ತಾ?"

"ಆತ್ರಿ ಮೇಡಮ್ಮಾರ," ಎಂದ ಖಂಡೆಪ್ಪ. ಪರಶುರಾಮನ ಜೊತೆ ಒಂದೇ ಗ್ಯಾಂಗಿನಲ್ಲಿ ಕಬ್ಬು ಕಡಿಯುವವನು. "ಹೋದ ವರ್ಸ ಒಬ್ಬ ಸಾವ್ಕಾರನ ಫ್ಯಾಕ್ಟರಿಗೆ ಕಡದ್ವಿ, ಈ ವರ್ಸ ಅವನ ವೈರಿ ಫ್ಯಾಕ್ಟರಿಗೆ ಕಡದ್ವಿ. ನಾವು ಮೊದಲಿಂದ ಕಾಗಿಪಡಿನ ಅದೇವ್ರಿ. ಪುಕ್ಕ ಅಷ್ಟ ಇರಲಿಲ್ಲ."

ದಂಡು ಹೋ ಎಂದು ನಕ್ಕಿತು. ಪರಶುರಾಮ ನಗಲಿಲ್ಲ. ಅವನ ಕಣ್ಣು ಟೆಂಪೋದ ನೆರಳಿನ ಕಡೆಗಿತ್ತು. ಓಡಲಾರದವರನ್ನೆಲ್ಲ ಅಲ್ಲಿ ಕೂರಿಸಿದ್ದರು, ಅವರು ಹೆಣಗಳು. ಹೆಣಗಳಿಗೆ ಮೈಬಣ್ಣ ನೋಡಿರಲಿಲ್ಲ. ರಾಜನ ಕಡೆಯ ಸತ್ತ ಸೈನಿಕರು ಬೇಕಾಗಿದ್ದರಿಂದ ಸಿಕ್ಕ ಮುದುಕರಿಗೆಲ್ಲ ಬಂಗಾರದ ಕವಚ ತೊಡಿಸಿದ್ದರು. ಹಾಗಾಗಿ ಅವನ ಅಪ್ಪ ಹೊಳೆಪ್ಪನಿಗೂ ಒಂದು ಬಂದಿತ್ತು. ಹೊಳೆಪ್ಪ ಅದರ ಮೇಲೆ ಅಂಗೈ ಆಡಿಸಿ, ಉಗುರಿನಿಂದ ಬಡಿದು, ಒಳಗೆ ಸ್ಪಂಜು ಎಂದು ತಿಳಿದು, ಆದರೂ ಎದೆ ಸೆಟೆಸಿ, "ಹೆಂಗ ಕಾಣ್ತೇನಿ?" ಎಂದು ಕೇಳಿದ್ದ. ಕೇಳಿದ್ದು ಮಗನನ್ನಲ್ಲ, ಊರ ಹೆಂಗಸಿನ ಪಾತ್ರಕ್ಕೆ ಬಂದ ಶೆಟ್ಟೆವ್ವನನ್ನು. "ಪ್ಯಾಟಿ ಪಿತ್ತಾಳಿ ಕೊಡ ಕಂಡಂಗ ಕಾಣ್ತಿ," ಎಂದಿದ್ದಳು ಅವಳು. ಹೊಳೆಪ್ಪ ನಕ್ಕು, ನಗುತ್ತಲೇ ಪರಶುರಾಮನ ಕಡೆ ನೋಡಿ, ಅವನು ನೋಡುತ್ತಿಲ್ಲವೆಂದು ಕಂಡು ನಗುವನ್ನು ಹಾಗೇ ಬೇರೆ ಕಡೆ ತಿರುಗಿಸಿಕೊಂಡಿದ್ದ. ಪರಶುರಾಮ ನೋಡುತ್ತಿದ್ದ. ನೋಡುತ್ತಿಲ್ಲದ ಹಾಗೆ ನೋಡುವುದನ್ನು ಅವನು ಈ ವಾರದಲ್ಲಿ ಕಲಿತಿದ್ದ.

ಕೌಜಲಗಿಯ ಕೇರಿಯಲ್ಲಿ ವಿಹಾರ ಕಟ್ಟಿ ಬುದ್ಧನನ್ನು ಕೂರಿಸಿದ ಮೇಲೆ ಇನ್ನು ಯಾರ ಮನೆ ಮುಂದೆಯೂ ಹಲಗಿ ಬಾರಿಸುವುದಿಲ್ಲವೆಂದು ಎಲ್ಲರೂ ಕೂಡಿ ಮಾತಾಗಿತ್ತು. ಮಾತು ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಪರಶುರಾಮನದು. ಹೊಳೆಪ್ಪ ಆ ದಿನ ಮೂಲೆಯಲ್ಲಿ ಕುಳಿತು ಹೂಂ ಎಂದು ಗೋಣು ಹಾಕಿದ್ದ, ಹಲಗಿಯನ್ನು ಗೂಟಕ್ಕೆ ನೇತು ಹಾಕಿದ್ದ. ಆಮೇಲೆ ಅವನ ಬೆರಳುಗಳು ಸುಮ್ಮನಿರಲಿಲ್ಲ. ಊಟದ ತಾಟಿನ ಅಂಚು, ಮೊಣಕಾಲು, ಬಸ್ಸಿನ ಕಿಟಕಿಯ ಸರಳು, ಎಲ್ಲದರ ಮೇಲೂ ಬೆರಳು ಆಡುತ್ತಲೇ ಇರುತ್ತಿದ್ದವು. ಕಳೆದ ವಾರ ಸಾಹುಕಾರರ ಮಗನ ಮದುವೆಯ ಮೆರವಣಿಗೆಗೆ ಬ್ಯಾಂಡಿನವರು ಬಂದಿದ್ದರೂ ಅದೇನೋ ನೆನಪಾಗಿ ಹೊಳ್ಯಾನನ್ನು ಕರೆಯಿರಿ ಎಂದರಂತೆ, ಹೊಳ್ಯಾ ಹೋದನಂತೆ. ಪರಶುರಾಮ ಮೂಡಲಗಿಯಿಂದ ಬಸ್ಸು ಇಳಿದಾಗ ಪೇಟೆಯ ನಡುವೆ ಅಪ್ಪ ಹಲಗಿಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಯಾರ ಮುಂದೆ ಬಾರಿಸುತ್ತಿದ್ದೇನೆ ಎಂಬುದನ್ನೇ ಮರೆತವನಂತೆ ಬಾರಿಸುತ್ತ ನಿಂತಿದ್ದ. ಮನೆಗೆ ಬಂದ ಮೇಲೆ ಪರಶುರಾಮ ಕಬ್ಬಿನ ಕೊಯ್ತ ತೆಗೆದುಕೊಂಡು ಹಲಗಿಯ ಚರ್ಮವನ್ನು ಈ ತುದಿಯಿಂದ ಆ ತುದಿಗೆ ಸೀಳಿದ. "ಕರದ್ರು ಅಂತ ಹೋಗಲಿಲ್ಲೋ. ಬಾರಸಬೇಕ ಅನಸ್ತು," ಎಂದ ಹೊಳೆಪ್ಪ. ಆಗಲೇ ಪರಶುರಾಮ ಅಂದದ್ದು. ಅವ್ವ ಕೆಂಪವ್ವನ ಮುಂದೆ, ಬಾಗಿಲಲ್ಲಿ ಇಣುಕಿದ ಬಾಜೂ ಮನೆಯವರ ಮುಂದೆ ಅಂದ. "ನೀ ಇದ್ರೇನ, ಸತ್ರೇನ. ಎಲ್ಲಾ ಒಂದ."

ಹೊಳೆಪ್ಪ ಸೀಳಿದ ಹಲಗಿಯನ್ನು ಎತ್ತಿ, ಧೂಳು ಒರೆಸಿ, ಮತ್ತೆ ಅದೇ ಗೂಟಕ್ಕೆ ಹಾಕಿದ. ಆ ಹಾಕುವುದೇ ಪರಶುರಾಮನಿಗೆ ತಡೆಯಲಾಗದೆ ಹೋಯಿತು. ಬೈದಿದ್ದರೆ, ಕೈ ಎತ್ತಿದ್ದರೆ, ತಾನು ಇನ್ನೂ ನಾಲ್ಕು ಅಂದು ಹಗುರಾಗುತ್ತಿದ್ದ. ಅಂದ ಮಾತು ಎದುರಿಗೆ ತಾಗಿ ತಿರುಗಿ ಬರಲಿಲ್ಲ. ಅಪ್ಪನೊಳಗೆ ಎಲ್ಲೋ ಹೋಗಿ ಕುಳಿತುಬಿಟ್ಟಿತು. ಆಮೇಲೆ ಇಬ್ಬರೂ ಮಾತಾಡಿರಲಿಲ್ಲ. ಸಿನಿಮಾಕ್ಕೆ ದಂಡು ಬೇಕೆಂದು ಸತ್ಯಪ್ಪ ಬಂದಾಗ ಹೊಳೆಪ್ಪ ತಾನಾಗಿಯೇ, "ಸತ್ತಂಗ ಬೀಳೂದಾದ್ರ ನಾನೂ ಬರ್ತೇನ್ರಿ," ಎಂದ. ಅದನ್ನು ಅವನು ಚಾಷ್ಟಿಗೆ ಅಂದನೋ, ಮಗನಿಗೆ ಕೇಳಲೆಂದು ಅಂದನೋ ಎಂದು ಪರಶುರಾಮ ರಾತ್ರಿಯೆಲ್ಲ ಹೊರಳಾಡಿದ್ದ.

"ಆಕ್ಷನ್" ಎಂದು ಧ್ವನಿವರ್ಧಕ ಒದರಿತು. ಕಾಗೆಪಡೆ ಕಿರುಚುತ್ತ ಬಂಡೆಗಳ ಇಳಿಜಾರಿನಲ್ಲಿ ಧುಮುಕಿತು. ಅರ್ಧ ದಾರಿಯಲ್ಲಿ ಹೆಣಗಳು ಸಾಲಾಗಿ ಬಿದ್ದಿದ್ದವು, ಅವನ್ನು ತುಳಿದು, ದಾಟಿ, ಕೋಟೆಯ ಕಡೆಗೆ ಓಡಬೇಕು. ಓಡಿದರು. ಭಲ್ಲೆ ಎತ್ತಿ ಹಲ್ಲು ಕಿರಿದು ಓಡಿದರು. ಮೊದಲ ಹೆಣಕ್ಕೆ ಕಾಲು ತಾಗಿದ ಕೂಡಲೇ ಖಂಡೆಪ್ಪ ನಿಂತು, ಬಗ್ಗಿ, ಹೆಣದ ತೋಳು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಕಿರುಚುತ್ತ ಓಡಿದ. ಅವನ ಹಿಂದಿನವನೂ ಹಾಗೇ ಮಾಡಿದ. ಅವನ ಹಿಂದಿನವನೂ. ದಯೆ ಅಂದರೇನೆಂದು ತಿಳಿಯದ ದಂಡು ಸತ್ತವರೊಬ್ಬೊಬ್ಬರಿಗೂ ನಮಸ್ಕಾರ ಮಾಡುತ್ತ ಕೋಟೆಯ ಮೇಲೆ ಏರಿ ಹೋಯಿತು.

"ಕಟ್! ಕಟ್! ಏನ್ ಮಾಡ್ತಿದ್ದೀರಿ ನೀವೆಲ್ಲ?"

"ಕಾಲ ತಾಗಿತ್ರಿ," ಎಂದ ಖಂಡೆಪ್ಪ ಕೆಳಗಿನಿಂದ.

"ತಾಗ್ಲಿ! ಹೆಣ ಅದು!"

"ಹೆಣ ಅಲ್ರಿ ಮೇಡಮ್ಮಾರ. ಹತ್ತರಗಿ ಮಾಲಿಂಗ ಮಾಮಾ ಅಂವಾ."

ಹತ್ತರಗಿಯ ಮಾಲಿಂಗ ಮಾಮಾ ಮಲಗಿದಲ್ಲಿಂದಲೇ ಹೌದೆಂದು ಕೈ ಎತ್ತಿದ. ಸತ್ಯಪ್ಪ ಹಣೆ ಬಡಿದುಕೊಂಡು ಬಂಡೆಯಿಂದ ಬಂಡೆಗೆ ಹಾರಿ ಬಂದ. "ಏ ಹುಚ್ಚಪ್ಯಾಲಿಗೋಳ್ರಾ, ನನ್ನ ಮರ್ಯಾದಿ ತಗೀಬ್ಯಾಡ್ರೋ! ಮುಟ್ಟೂದಿಲ್ಲ, ಕಣ್ಣಿಗಿ ಒತ್ತೂದಿಲ್ಲ, ಸುಮ್ನ ತುಳ್ಕೋತ ಬರ್ರಿ!" ಮತ್ತೆ ಮೇಲೆ ಹೋದರು. ಈ ಸಲ ಕಾಲು ತಾಗಬಾರದೆಂದು ದಂಡು ಹೆಣಗಳ ಸಂದಿಯಲ್ಲಿ, ಸಸಿ ಹಚ್ಚಿದ ಹೊಲದಲ್ಲಿ ನಡೆದ ಹಾಗೆ, ತುದಿಗಾಲಲ್ಲಿ ಬಂತು. ಅದೂ ಆಗಲಿಲ್ಲ. ಕೈ ಬಿಡುವಾಗಿದ್ದರೆ ತಾನೇ ಮುಟ್ಟುವುದು ಎಂದು ಎರಡೂ ಕೈಗೆ ಢಾಲು ಭಲ್ಲೆ ಕೊಟ್ಟರು. ಆಗ ಢಾಲನ್ನೇ ಹೆಣಕ್ಕೆ ತಾಗಿಸಿ ಢಾಲನ್ನೇ ಹಣೆಗೆ ಒತ್ತಿಕೊಂಡರು. ಬೇಕೆಂದು ಮಾಡಿದ್ದಲ್ಲ. ಮಾಡಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

"ಮಲಗಿದವರನ್ನ ದಾಟೂದ ಬರೋಬ್ಬರಿ ಅಲ್ಲ," ಎಂದಳು ಶೆಟ್ಟೆವ್ವ ಕೋಟೆಯ ಬಾಗಿಲಿಂದ. ಅಳುವ ಪಾತ್ರದ ಗ್ಲಿಸರಿನ್ನಿಗೆ ಅವಳ ಕಣ್ಣು ನಿಜವಾಗಿಯೂ ಕೆಂಪಾಗಿದ್ದವು. "ದಾಟಿದ್ರ ತಿರುಗಿ ಆದ್ರೂ ದಾಟ್ರೋ, ಕಳೀತೈತಿ."

"ದಾಟತಾರ ಬಿಡ ಶೆಟ್ಟೆವ್ವಕ್ಕಾ," ಎಂದ ಹೊಳೆಪ್ಪ, ಸತ್ತವರ ಸಾಲಿನಿಂದ, ಕಣ್ಣು ತೆರೆಯದೆ. "ಕಟ್ ಅಂದ ಕೂಡ್ಲೆ ಎಲ್ಲಾರೂ ತಿರುಗಿ ನಮ್ಮ ಮ್ಯಾಲಿಂದನ ಮ್ಯಾಗ ಹೊಕ್ಕಾರಲಾ. ಅಲ್ಲಿಗಲ್ಲಿಗಿ ಚುಕ್ತಾ."

ಸತ್ತವರೆಲ್ಲ ಹೊಟ್ಟೆ ಕುಣಿಸಿ ನಕ್ಕರು. ತಿರುಗಿ ದಾಟುವುದು. ಪರಶುರಾಮನಿಗೆ ಒಮ್ಮೆಲೇ ಮನೆಯ ಪಡಸಾಲೆ, ಮಲಗಿದ ತಂಗಿ ಪದ್ಮಶ್ರೀ, ಅವಳನ್ನು ಜಿಗಿದು ಓಡಿದ ತಾನು, ಒಲೆಯ ಮುಂದಿನಿಂದ ಅವ್ವನ ಕೂಗು, ಎಲ್ಲ ನೆನಪಾದವು. "ಏ ಮೂಳಾ, ತಿರುಗಿ ದಾಟ, ಕೂಸ ಬೆಳೀಬೇಕೋ ಬ್ಯಾಡೋ!" ಓಡಿದವನು ನಿಂತು, ಬಂದು, ಮತ್ತೆ ಈ ಕಡೆಗೆ ಜಿಗಿಯುತ್ತಿದ್ದ. ಜಿಗಿದ ಕೂಡಲೇ ಲೋಕ ಮೊದಲಿನ ಹಾಗೆ ಆಗುತ್ತಿತ್ತು. ಮಾಡಿದ್ದನ್ನು ಇಲ್ಲವಾಗಿಸಲು ಆಗ ಒಂದು ಜಿಗಿತ ಸಾಕಾಗಿತ್ತು.

ಅವನು ಮಾತ್ರ ಯಾವ ಸಲವೂ ಬಗ್ಗಿರಲಿಲ್ಲ. ಅದು ಅವನಿಗೇ ಗೊತ್ತಿರಲಿಲ್ಲ. ಕೊಡೆಯ ಕೆಳಗಿನ ಸಣ್ಣ ಟೀವಿಗೆ ಗೊತ್ತಾಯಿತು. "ಮೂರನೇ ಸಾಲಿನ ಹುಡುಗನನ್ನು ಕರೀರಿ." ಅನುರಾಧಾ ಕರೆದೊಯ್ದಳು. ಡೈರೆಕ್ಟರು ಅವನ ಮುಖವನ್ನು, ಕೊಳ್ಳುವ ಮುಂಚೆ ಎತ್ತಿನ ಮುಖ ನೋಡುವ ಹಾಗೆ ನೋಡಿದ. "ಇವನ ಕಣ್ಣು ನೋಡು. ಇಷ್ಟು ಜನರಲ್ಲಿ ಇವನೊಬ್ಬನೇ ನಿಜವಾದ ಕೂಲಿ ಸೈನಿಕ. ಇವನನ್ನು ನಾಯಕ ಮಾಡು." ಯಾರಾದರೂ ದೊಡ್ಡವರು ಅವನನ್ನು ನೋಡಿ ಇವನೊಬ್ಬನೇ ಎಂದದ್ದು ಅದೇ ಮೊದಲು. ಎದೆಯಲ್ಲಿ ಏನೋ ಉಬ್ಬಿತು. ಉಬ್ಬಿದ್ದಕ್ಕೆ ತಕ್ಷಣ ನಾಚಿಕೆಯಾಯಿತು.

ಕಣ್ಣಲ್ಲ, ಕೈ ಎಂದು ಅವನಿಗೆ ಹೇಳಬೇಕೆನಿಸಿತು. ಒಂಬತ್ತನೆಯ ಇಯತ್ತೆಯಲ್ಲಿ ಬೆಂಚುಗಳ ನಡುವೆ ಹೋಗುವಾಗ ಮುಂದಿನ ಹುಡುಗನ ಪಾಟೀಚೀಲಕ್ಕೆ ಕಾಲು ತಾಗಿತ್ತು. ಅವನ ಕೈ ತಾನಾಗಿಯೇ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲೆಂದು ಕೆಳಗೆ ಹೋಯಿತು. ಆ ಹುಡುಗ ಚೀಲವನ್ನು ಸರಕ್ಕನೆ ಎಳೆದುಕೊಂಡ. ಕಾಲು ತಾಗಿದ್ದಕ್ಕಲ್ಲ, ಕೈ ತಾಗೀತೆಂದು. ಗಾಳಿಯಲ್ಲಿ ಉಳಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದನ್ನು ಖಾಲಿಯಾಗಿಯೇ ಕಣ್ಣಿಗೆ ಒತ್ತಿಕೊಂಡಿದ್ದ. ವರ್ಗವೆಲ್ಲ ನಕ್ಕಿತು, ಮಾಸ್ತರರೂ ನಕ್ಕರು. ಅವರ ನಗು ಕೆಟ್ಟದ್ದೇನಲ್ಲ, ನಗು ಬರುವ ಹಾಗೆಯೇ ಇತ್ತು ಅದು. ಆ ವರ್ಷ ಮುಗಿಯುವ ಮೊದಲೇ ಅವನು ಸಾಲಿ ಬಿಟ್ಟು ಕೊಯ್ತ ಹಿಡಿದ. ಅವನು ಯಾಕೆ ಬಿಟ್ಟನೆಂದು ಹೊಳೆಪ್ಪ ಎಷ್ಟೋ ಸಲ ಕೇಳಿದ್ದ, ಹೇಳಿರಲಿಲ್ಲ. ಅಂದಿನಿಂದ ಆ ಕೈ ಯಾರಿಗೂ ಬಗ್ಗಿದ್ದಿಲ್ಲ. ಅದನ್ನೇ ಈ ಮನುಷ್ಯ ಟೀವಿಯಲ್ಲಿ ಕಂಡು ನಾಯಕ ಎನ್ನುತ್ತಿದ್ದ.

ಅವನಿಗೆ ಇನ್ನೂ ದೊಡ್ಡ ರೆಕ್ಕೆ ಕಟ್ಟಿದರು. ಬರಿಗಾಲಿಗೆ, ಅಂಗಾಲನ್ನೂ ಬಿಡದೆ, ಮತ್ತೆ ಮಸಿ ಬಳಿದರು. ಅನುರಾಧಾ ಹೇಳಿಕೊಟ್ಟಳು: ದಂಡಿಗಿಂತ ಮುಂದೆ ಒಬ್ಬನೇ ಇಳಿದು ಬರಬೇಕು, ಒಂದು ಹೆಣದ ಎದೆಯ ಮೇಲೆ ಕಾಲಿಟ್ಟು ನಿಂತು ಕೋಟೆಯನ್ನು ದಿಟ್ಟಿಸಬೇಕು, ಆಮೇಲೆ ಹೆಣ ದಾಟಿ ಓಡಬೇಕು. ದಂಡು ಹಿಂದಿನಿಂದ ಬರುತ್ತದೆ. ಅವರು ಬಗ್ಗಿದರೂ ಈಗ ಚಿಂತೆಯಿಲ್ಲ, ಕ್ಯಾಮೆರಾ ಇವನೊಬ್ಬನ ಮೇಲೇ ಇರುತ್ತದೆ.

"ಯಾವ ಹೆಣ್ರಿ?" ಎಂದ ಪರಶುರಾಮ.

"ಆ ಮುದುಕ. ಎಷ್ಟು ಚೆನ್ನಾಗಿ ಸಾಯ್ತಾನೆ ನೋಡು, ಬೆಳಿಗ್ಗೆಯಿಂದ ಒಂದು ಸಲಾನೂ ಅಲ್ಲಾಡಿಲ್ಲ."

ಹೊಳೆಪ್ಪನನ್ನು ಎಬ್ಬಿಸಿ ಮುಂದಿನ ಚಪ್ಪಟೆ ಬಂಡೆಯ ಮೇಲೆ ಅಂಗಾತ ಮಲಗಿಸುತ್ತಿದ್ದರು. ಖಂಡೆಪ್ಪ ಮಸಿಯ ಮುಖದಲ್ಲಿ ಕಣ್ಣು ಅಗಲ ಮಾಡಿದ. "ಮೇಡಮ್ಮಾರ, ಆ ಮುದುಕಾ ಇವನ—"

"ಏ ನೀ ಬಾಯಿ ಮುಚ್ಚ," ಎಂದ ಸತ್ಯಪ್ಪ.

ಅನುರಾಧಾ ಇಬ್ಬರ ಮುಖವನ್ನೂ ನೋಡಿದಳು. "ಏನು? ಗೊತ್ತಿರೋರಾ?"

ಪರಶುರಾಮ ಬಾಯಿ ತೆರೆದ. ಅದರೊಳಗೆ ಯಾವ ಮಾತು ಇತ್ತೋ ಅವನಿಗೇ ತಿಳಿಯದು, ಅಷ್ಟರಲ್ಲಿ ಬಂಡೆಯ ಮೇಲಿನಿಂದ ಹೊಳೆಪ್ಪನ ದನಿ ಬಂತು. "ಒಂದ ಊರವ್ರ ಬಿಡ್ರಿ ಮೇಡಮ್ಮಾರ. ಬ್ಯಾರೆ ಏನಿಲ್ಲ. ನಡೀಲಿ, ಹೊತ್ತ ಇಳೀತೈತಿ."

ಒಂದೂರವರು. ಮೇಲೆ ಏರುವಾಗ ಪರಶುರಾಮ ಅದನ್ನೇ ಕಚ್ಚುತ್ತಿದ್ದ. ಮಗನ ಕೈಗೆ ಬಂದದ್ದು ತಪ್ಪಬಾರದೆಂದು ಅಪ್ಪ ತನ್ನನ್ನು ಅಪ್ಪನಲ್ಲವೆಂದ. ಎಲ್ಲರಿಗೂ ಬಗ್ಗುವ ಈ ಮನುಷ್ಯ ಕೊನೆಗೆ ನನಗೂ ಬಗ್ಗಿದ ಎಂದು ಮೊದಲು ಸಿಟ್ಟು ಬಂತು. ಆ ಸಿಟ್ಟು ಯಾವಾಗಲೂ ಹತ್ತುವ ಹಾಗೆ ಹೊತ್ತಿಕೊಳ್ಳಲಿಲ್ಲ, ಬರೀ ಹೊಗೆಯಾಡಿತು.

ಮೊದಲ ಸಲ ಇಳಿದು ಬಂದು ಕಾಲಿಟ್ಟ. "ಕಟ್," ಎಂದಿತು ಧ್ವನಿವರ್ಧಕ. "ಭಾರ ಹಾಕಪ್ಪಾ. ಹೂವಿನ ಮೇಲೆ ಇಟ್ಟ ಹಾಗೆ ಇಟ್ಟಿದ್ದೀಯ." ಮತ್ತೆ ಹೋಗಿ ಮತ್ತೆ ಬಂದ. ಕಾಲು ಎದೆಯ ತನಕ ಹೋಗಿ ಅಲ್ಲಿಂದ ಅರ್ಧ ಗೇಣು ಮೇಲೆಯೇ ನಿಂತಂತಾಗುತ್ತಿತ್ತು. ಇಡೀ ಮೈಯ ಭಾರವನ್ನು ಇನ್ನೊಂದು ಕಾಲು ತಾನೇ ಹೊತ್ತುಕೊಂಡು ನಡುಗುತ್ತಿತ್ತು. "ಮುಖ ಸರಿಯಿದೆ, ಕಾಲು ಸುಳ್ಳು ಹೇಳ್ತಿದೆ," ಎಂದ ಡೈರೆಕ್ಟರು. ಸುತ್ತ ನಗು. ಮತ್ತೊಮ್ಮೆ, ಮತ್ತೊಮ್ಮೆ. ಪ್ರತಿ ಸಲವೂ ಅಪ್ಪನನ್ನು ದಾಟಿ ಕೆಳಗೆ ಓಡುವುದು, ಕಟ್ ಎಂದಾಗ ಅಪ್ಪನನ್ನು ದಾಟಿ ಮೇಲೆ ಬರುವುದು. ದಾಟುವಾಗ ಅವನು ಕೆಳಗೆ ನೋಡುತ್ತಿರಲಿಲ್ಲ.

ಕೊನೆಯ ಸಲ ಮಸಿ ಬಳಿದ ಅಂಗಾಲು ಬಂಗಾರದ ಸ್ಪಂಜನ್ನು ಮುಟ್ಟಿದಾಗ ಅದರ ಕೆಳಗೆ ಉಸಿರು ಏರುವುದು ಇಳಿಯುವುದು ತಿಳಿಯಿತು. ತುಟಿ ಅಲುಗಿಸದೆ, ಹೆಣದ ಒಳಗಿನಿಂದ ಹೊಳೆಪ್ಪ ಅಂದ, "ಒತ್ತಿ ತುಳಿ, ಮಗಾ. ಏನಾಗೂದಿಲ್ಲ. ಒತ್ತಿ ತುಳಿ."

ವಾರದಿಂದ ಆಡಿದ ಮೊದಲ ಮಾತು ಅದು. ಆದರೆ ಪರಶುರಾಮನಿಗೆ ಅದು ಎಷ್ಟೋ ವರ್ಷ ಹಿಂದಿನಿಂದ ಬಂತು. ದಿನವೆಲ್ಲ ಕಬ್ಬಿನ ಹೊರೆ ಎತ್ತಿ ಬಂದ ಅಪ್ಪ ಬಾಗಿಲ ಬೆಳಕಿನಲ್ಲಿ ಬೋರಲು ಮಲಗುತ್ತಿದ್ದ, ಹುಡುಗನಾದ ಪರಶುರಾಮ ಅವನ ಬೆನ್ನು ಹತ್ತುತ್ತಿದ್ದ. ಸೊಂಟದಿಂದ ಹೆಗಲಿಗೆ, ಹೆಗಲಿಂದ ಸೊಂಟಕ್ಕೆ, ಸಣ್ಣ ಹೆಜ್ಜೆ. ಬೀಳಬಾರದೆಂದು ಗೋಡೆಯ ಗೂಟ ಹಿಡಿದುಕೊಳ್ಳುತ್ತಿದ್ದ. ಆ ಗೂಟದಲ್ಲಿ ಹಲಗಿ ತೂಗುತ್ತಿತ್ತು, ಅವನು ಹೊರಳಿದಾಗಲೆಲ್ಲ ಗೋಡೆಗೆ ತಾಗಿ ದುಂ ಎನ್ನುತ್ತಿತ್ತು. "ಒತ್ತಿ ತುಳಿ, ಮಗಾ," ಎನ್ನುತ್ತಿದ್ದ ಅಪ್ಪ ನೆಲಕ್ಕೆ ಒತ್ತಿದ ಬಾಯಿಂದ, "ಗುಬ್ಬಿ ಕುಂತಂಗ ಆಗಾಕತ್ತೈತಿ." ಬೆನ್ನಿನ ಎಲುಬುಗಳು ಅಂಗಾಲಿನ ಕೆಳಗೆ ಒಂದೊಂದಾಗಿ ಸಿಗುತ್ತಿದ್ದವು, ಎಲ್ಲಿ ನೋವಿದೆ ಎಂಬುದು ಅಂಗಾಲಿಗೇ ಗೊತ್ತಾಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯನ ನೋವು ತನ್ನ ಕಾಲಿನಿಂದ ಹೋಗುತ್ತದೆ ಎಂಬುದಕ್ಕಿಂತ ದೊಡ್ಡ ಹೆಮ್ಮೆ ಅವನಿಗೆ ಆಮೇಲೆ ಬದುಕಿನಲ್ಲಿ ಸಿಕ್ಕಿರಲಿಲ್ಲ.

ಒತ್ತಿ ತುಳಿದ. ಕೋಟೆಯನ್ನು ದಿಟ್ಟಿಸಿದ. ಕಣ್ಣು ಉರಿಯುತ್ತಿದ್ದವು, ಕೋಟೆ ಕದಡಿದಂತಿತ್ತು. ಆಮೇಲೆ ಕಾಲೆತ್ತಿ, ದಾಟಿ, ಓಡಿದ. ಅವನ ಹಿಂದೆ ಕಾಗೆಪಡೆ ಕಿರುಚುತ್ತ ಬಂತು, ಕೋಟೆಯ ಬಾಗಿಲು ಮುರಿಯಿತು, ಶೆಟ್ಟೆವ್ವ ಎದೆ ಬಡಿದುಕೊಂಡಳು. "ಓಕೆ!" ಎಂದಿತು ಧ್ವನಿವರ್ಧಕ. "ಓಕೆ, ಓಕೆ! ಪ್ಯಾಕಪ್!"

ಎಲ್ಲರೂ ಕೋಟೆಯ ಹಿಂದೆ ನಿಂತ ಊಟದ ಗಾಡಿಗೆ ಓಡಿದರು. ಯಾರೋ ಅವನ ಬೆನ್ನು ತಟ್ಟಿದರು. ಡೈರೆಕ್ಟರು ತಣ್ಣೀರಿನ ಬಾಟಲಿ ಕೊಟ್ಟು, ಎಂಥ ಕಣ್ಣೀರು ಅದು, ಕ್ರೌರ್ಯದೊಳಗಿನ ಕಣ್ಣೀರು, ಅಂಥದ್ದನ್ನು ಹೇಳಿಕೊಟ್ಟು ಮಾಡಿಸಲಾಗದು ಎಂದ. ಪರಶುರಾಮ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಬಾಟಲಿಯ ಆಚೆ, ಇಳಿಜಾರಿನ ಮೇಲೆ, ಸತ್ತವರು ಏಳುತ್ತಿದ್ದರು. ಮಾಲಿಂಗ ಮಾಮಾ ಎದ್ದು ಕುಂಡೆ ಜಾಡಿಸಿಕೊಂಡ. ಇನ್ನೊಬ್ಬ ಎದ್ದು ಬೀಡಿ ಹುಡುಕಿದ. ಒಬ್ಬನಿಗೊಬ್ಬ ಕೈಕೊಟ್ಟು ಎಬ್ಬಿಸಿಕೊಂಡು ಕವಚ ಬಿಚ್ಚಿ ರಾಶಿ ಹಾಕುತ್ತ ಎಲ್ಲರೂ ಆ ಬದಿಯ ಕಾಲುದಾರಿಯಿಂದ ಇಳಿದು ಹೋದರು. ಚಪ್ಪಟೆ ಬಂಡೆಯ ಮೇಲೆ ಬಂಗಾರದ ಒಂದು ಎದೆ ಹಾಗೇ ಉಳಿಯಿತು.

ಈಗ ಏಳುತ್ತಾನೆ ಎಂದು ನೋಡಿದ. ಏಳಲಿಲ್ಲ. "ಏ ಹೊಳ್ಯಾ, ಮುಗೀತೋ, ಏಳ!" ಎಂದು ಸತ್ಯಪ್ಪ ಕೆಳಗಿನಿಂದ ಕೂಗಿ, "ನಿದ್ದಿ ಹತ್ತಿರಬೇಕ ಮುದುಕಗ," ಎಂದು ಊಟಕ್ಕೆ ಹೋದ. ಬಿಸಿಲು ಇನ್ನೂ ಬಂಡೆಯ ಮೇಲೇ ಇತ್ತು. ಬಂಡೆ ಮುಂಜಾನೆಯಿಂದ ಕಾದದ್ದು. ಒತ್ತಿ ತುಳಿದೆನಲ್ಲ ಎಂದು ಪರಶುರಾಮನ ಅಂಗಾಲು ನೆನಪಿಸಿಕೊಂಡಿತು. ಸ್ಪಂಜು ತಗ್ಗಿದ್ದು, ಅದರ ಕೆಳಗೆ ಏನೋ ಗಟ್ಟಿ ಸಿಕ್ಕಿದ್ದು, ಆಗ ಉಸಿರು ನಿಂತದ್ದು. ನಿಂತದ್ದು ಹೆಣದ ಪಾತ್ರಕ್ಕೆಂದು ತಿಳಿದಿದ್ದ. ಹೆಜ್ಜೆ ಯಾವಾಗ ಹೊರಟಿತೋ ಗೊತ್ತಿಲ್ಲ, ಬಾಟಲಿ ಎಲ್ಲೋ ಬಿದ್ದಿತ್ತು. ದೊಡ್ಡ ರೆಕ್ಕೆ ಬಂಡೆಗಳಿಗೆ ತಾಗಿ ಪುಕ್ಕ ಉದುರುತ್ತಿತ್ತು. ಅವನ ಕಣ್ಣು ಅಪ್ಪನ ಬೆರಳುಗಳನ್ನು ಹುಡುಕುತ್ತಿತ್ತು. ತಾಟಿನ ಮೇಲೆ, ಮೊಣಕಾಲಿನ ಮೇಲೆ, ಟೆಂಪೋದ ತಗಡಿನ ಮೇಲೆ ಬೆಳಿಗ್ಗೆ ತಾನೇ ಆಡುತ್ತಿದ್ದ ಬೆರಳುಗಳು ಬಂಡೆಯ ಮೇಲೆ ಬಿಚ್ಚಿ ಬಿದ್ದಿದ್ದವು, ಒಂದೂ ಅಲುಗುತ್ತಿರಲಿಲ್ಲ. ನೀ ಇದ್ರೇನ, ಸತ್ರೇನ. ಇಷ್ಟು ದಿನ ಅಪ್ಪನೊಳಗೆ ಹೋಗಿ ಕುಳಿತಿದ್ದ ಮಾತು ಎದುರಿಗೆ ಬಂದು ಬಿದ್ದುಕೊಂಡ ಹಾಗಿತ್ತು. ಎರಡೂ ಒಂದಲ್ಲ, ಎಪ್ಪಾ. ಒಂದಲ್ಲ. ಏರುತ್ತ ಅವನು ಅದನ್ನು ಬಾಯಿಬಿಟ್ಟೇ ಅನ್ನುತ್ತಿದ್ದನೋ ಏನೋ, ತುಟಿ ಒಣಗಿತ್ತು.

"ಎಪ್ಪಾ," ಎಂದ ಹತ್ತಿರ ನಿಂತು.

ಹೊಳೆಪ್ಪ ಅಲುಗಲಿಲ್ಲ.

"ಎಪ್ಪಾ!"

"ದಾಟ," ಎಂದ ಹೊಳೆಪ್ಪ, ಕಣ್ಣು ಮುಚ್ಚಿಯೇ.

ಪರಶುರಾಮ ಅಪ್ಪನ ಮುಖದ ಹತ್ತಿರ ಕುಕ್ಕರಿಸಿದ. "ಏನಂದಿ?"

"ಮ್ಯಾಲಿಂದ ಬಂದು ಅತ್ತಾಗ ಹಾರಿ ಹ್ವಾದಿ. ಈ ಸಲ ಓಕೆ ಅಂದ್ಬಿಟ್ರು. ಎಲ್ಲಾರೂ ಉಣ್ಣಾಕ ಓಡಿದ್ರಿ, ಯಾರೂ ತಿರುಗಿ ದಾಟಲಿಲ್ಲ. ದಾಟ ಈಗ."

"ಅದಕ್ಕ... ಅದಕ್ಕ ಇಷ್ಟೊತ್ತ ಬಿಸಲಾಗ ಬಿದ್ದೀಯೇನ ನೀ? ಹುಚ್ಚ ಹಿಡದೈತೇನ ನಿನಗ? ಕಲ್ಲ ಸುಡಾಕತ್ತೈತಿ, ನಾ ಅಲ್ಲಿ ನಿಂತು... ಏಳ ಮ್ಯಾಕ ಮೊದಲ!" ಸಿಟ್ಟು ಬಂದಿತ್ತು, ಯಾವತ್ತಿನ ಸಿಟ್ಟೇ. ಅದು ಬಂದದ್ದೇ ಅವನಿಗೆ ಹಾಯೆನಿಸಿತು. ಸತ್ತವರ ಮೇಲೆ ಯಾರೂ ಹೀಗೆ ಸಿಟ್ಟಾಗುವುದಿಲ್ಲ.

"ಎದ್ರ ದಾಟಿದ್ದು ಹಂಗ ಉಳೀತೈತೋ."

"ಉಳದ್ರ ಉಳೀಲಿ. ಯಾರರ ದಾಟಿದ್ರ ನಿನಗೇನ ಆಕ್ಕೈತಿ?"

"ನನಗಲ್ಲೋ," ಎಂದ ಹೊಳೆಪ್ಪ. ಆಗ ಕಣ್ಣು ತೆರೆದ. ಬಿಸಿಲಿಗೆ ಅವು ನೀರಾಡಿದ್ದವು. "ದಾಟಿದಾಂವಗ. ಇನ್ನೂ ಸಣ್ಣಾಂವ ಅದಿ. ನಿನಗ್ಯಾಕ ಬೇಕು ಅದು?"

ಕೋಟೆಯ ಹಿಂದಿನಿಂದ ತಾಟುಗಳ ಸದ್ದು ಬರುತ್ತಿತ್ತು. ಕೂಲಿಯವರು ಕೋಟೆಯ ಒಂದು ಬುರುಜನ್ನು ಆಗಲೇ ಹೆಗಲ ಮೇಲೆ ಹೊತ್ತು ಲಾರಿಯ ಕಡೆ ಹೊರಟಿದ್ದರು. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ವಿಹಾರದ ಕಟ್ಟೆಯ ಮೇಲೆ ಕುಳಿತು ಹುಡುಗರಿಗೆ ಹೇಳುತ್ತಿದ್ದವನು ಪರಶುರಾಮನೇ. ಈಗಲೂ ನಂಬಿರಲಿಲ್ಲ. ರೆಕ್ಕೆಯನ್ನು ಕಿತ್ತು ಬಂಡೆಯ ಮೇಲೆ ಒಗೆದ. ಅಪ್ಪನ ಆ ಬದಿಗೆ, ಕೋಟೆಯ ಕಡೆಗೆ, ಸರಿಯಾಗಿ ಹೋಗಿ ನಿಂತು, ತಂಗಿಯನ್ನು ದಾಟುವಾಗ ಕಾಲೆತ್ತುತ್ತಿದ್ದ ಹಾಗೆ ಎತ್ತರಕ್ಕೆ ಕಾಲೆತ್ತಿ, ಈ ಬದಿಗೆ ದಾಟಿದ. ಹಿಂದಿನ ಕಾಲು ಕವಚದ ಅಂಚಿಗೆ ತುಸು ತಾಗಿತು. ತಾಗಿದ ಕೂಡಲೇ ಅವನ ಕೈ, ಇಷ್ಟು ವರ್ಷ ಎಲ್ಲಿತ್ತೋ, ತಾನಾಗಿಯೇ ಕೆಳಗೆ ಹೋಯಿತು.

ಅದು ಮುಟ್ಟಿ ಮೇಲೆ ಬರುವ ಮೊದಲೇ ಹೊಳೆಪ್ಪ ಹಿಡಿದುಕೊಂಡ. ಹೊಲದ ಕೆಲಸದ ಒರಟು ಕೈ, ಕಾದ ಬಂಡೆಯಷ್ಟೇ ಬಿಸಿ. ಬಿಡಲಿಲ್ಲ.

"ಹಾಂ, ಹಿಡಿ. ಎಬ್ಬಸ ಇನ್ನ," ಎಂದ. "ಬೆನ್ನ ಪೂರ್ತಿ ಹಿಡದೈತಿ."

ಪರಶುರಾಮ ಎರಡೂ ಕೈ ಹಾಕಿ ಎಬ್ಬಿಸಿದ. ಬಂಗಾರದ ಕವಚದ ನಟ್ಟ ನಡುವೆ ಅವನ ಅಂಗಾಲಿನ ಮಸಿ, ಐದು ಬೆರಳೂ ಕಾಣುವ ಹಾಗೆ ಮೂಡಿತ್ತು. ಹೊಳೆಪ್ಪ ಅದನ್ನು ಬಗ್ಗಿ ನೋಡಿಕೊಂಡ, ಒರೆಸಲಿಲ್ಲ. ಮಗನ ಹೆಗಲ ಮೇಲೆ ಭಾರ ಹಾಕಿ ನಿಂತ. ಬೆರಳುಗಳು ಆ ಹೆಗಲ ಎಲುಬಿನ ಮೇಲೆ ಮೆಲ್ಲಗೆ ಆಡತೊಡಗಿದವು.

"ಮನಿಗಿ ಹೋದ ಮ್ಯಾಲ ಬೆನ್ನ ತುಳೀಬೇಕ ನೋಡ," ಎಂದ.

"ಈಗ ನಾ ತುಳದ್ರ ಸಾಯ್ತಿ ನೀ."

"ಹೂಂ. ಮುಂಜಾನಿಂದ ಅದನ್ನ ಮಾಡಾಕತ್ತೇನಿ," ಎಂದ ಹೊಳೆಪ್ಪ, "ನೀ ತುಳಿಯೋ."